ಆಯೇರಿ ಮಾಡಿದವರು ಪ್ರಶ್ನೆ ಕೇಳಬಾರದೆ?

ನಾವೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಕು ತಾಲೂಕುಗಳ ಕೇರಿಗಳಿಂದ ಬಂದ ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರು. ನಮ್ಮ ನಮ್ಮ ಮನೆಗಳಲ್ಲಿ ಡಿಗ್ರಿ ಮುಗಿಸಿದವರು ನಾವೇ ಮೊದಲು. ನಮ್ಮ ಅವ್ವಂದಿರು ಈಗಲೂ ಹೆಬ್ಬೆಟ್ಟು ಒತ್ತುತ್ತಾರೆ. ಅಪ್ಪಂದಿರು ಹತ್ತಿ ಬಿಡಿಸಲು, ಕಬ್ಬು ಕಡಿಯಲು ಹೋಗುತ್ತಾರೆ. ನಮ್ಮಲ್ಲಿ ಕೆಲವರು ಪದ್ಯ ಬರೆಯುತ್ತೇವೆ, ಕೆಲವರು ಸಾಲಿ ಕಲಿಸುತ್ತೇವೆ, ಉಳಿದವರು ಅರ್ಜಿ ಹಾಕಿಕೊಂಡು ಕೂತಿದ್ದೇವೆ.

ಈ ಬರಹ ಒಂದು ಟೀವಿ ಧಾರಾವಾಹಿಯ ಬಗ್ಗೆ. ಬಂಡಾಯದ ಪುಟಗಳಲ್ಲಿ ಧಾರಾವಾಹಿಯ ಮಾತು ಯಾಕೆ ಎಂದು ಮೂಗು ಮುರಿಯುವ ಗೆಳೆಯರು ಸ್ವಲ್ಪ ತಾಳಬೇಕು. ಯಾವ ಪುಸ್ತಕವೂ ತಲುಪದ ನಮ್ಮ ಮನೆಗಳನ್ನು ಈ ಧಾರಾವಾಹಿ ತಲುಪಿತು. ನಾವು ಅದನ್ನು ಪ್ರೀತಿಸಿದೆವು. ಆಮೇಲೆ ಅದರ ಜೊತೆ ಜಗಳ ತೆಗೆದೆವು. ಜಗಳ ತೆಗೆದದ್ದಕ್ಕೆ ನಮ್ಮವರ ಕೈಲೇ ಬೈಸಿಕೊಂಡೆವು. ನಮ್ಮದು ಅಂತ ಎದೆಗೆ ಅಪ್ಪಿಕೊಂಡದ್ದನ್ನು ನಾವೇ ಟೀಕಿಸಬಹುದೆ? ಟೀಕಿಸಿದರೆ ಅದು ದ್ರೋಹವೆ? ಈ ಪ್ರಶ್ನೆ ಟೀವಿಯಿಂದ ಹುಟ್ಟಿತು, ಆದರೆ ಟೀವಿ ಆರಿಸಿದ ಮೇಲೂ ಆರಲಿಲ್ಲ.

2020ರ ಜುಲೈ. ಕೊರೊನಾ ಕಾಲ. ಕೂಲಿ ಇಲ್ಲ, ಕಾಲೇಜು ಇಲ್ಲ, ಸಂತೆ ಇಲ್ಲ. ಶೂಟಿಂಗು ನಿಂತು ಟೀವಿಯವರ ಹತ್ತಿರ ಹೊಸ ಕತೆಯೂ ಇಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂದು ದಶಕಗಟ್ಟಲೆ ಮುಚ್ಚಿ ಹಿಡಿದಿದ್ದ ಬಾಗಿಲು 2015ರಲ್ಲಿ ಸ್ಪರ್ಧಾ ಆಯೋಗದ ಆದೇಶದಿಂದ ಸಡಿಲಾಗಿತ್ತು. ಕೊರೊನಾ ಅದನ್ನು ಹಾರುಹೊಡೆದು ತೆರೆಯಿತು. ಆ ಬಾಗಿಲಿನಿಂದ ಮಹಾಭಾರತ ಬಂತು, ರಾಧಾಕೃಷ್ಣ ಬಂತು. ಅದೇ ಬಾಗಿಲಿನಿಂದ ಜೀ ಕನ್ನಡಕ್ಕೆ ‘ಮಹಾನಾಯಕ’ನೂ ಬಂದ. 2019ರ ಡಿಸೆಂಬರಿನಿಂದ ಹಿಂದಿಯ ಆ್ಯಂಡ್ ಟೀವಿಯಲ್ಲಿ ನಡೆಯುತ್ತಿದ್ದ ಡಾ. ಬಿ. ಆರ್. ಅಂಬೇಡ್ಕರರ ಬದುಕಿನ ಕತೆ ಅದು. ನಮ್ಮ ಗಡಿ ಭಾಗದಲ್ಲಿ ಮರಾಠಿ ಬಲ್ಲವರು 2019ರಲ್ಲೇ ಸ್ಟಾರ್ ಪ್ರವಾಹದಲ್ಲಿ ಬಾಬಾಸಾಹೇಬರ ಬೇರೊಂದು ಧಾರಾವಾಹಿ ನೋಡಿದ್ದರು. ಆದರೆ ಕನ್ನಡದಲ್ಲಿ, ವಾರದ ಕೊನೆಗೆ, ಊರ ಮಂದಿ ಎಲ್ಲ ನೋಡುವ ಚಾನೆಲ್ಲಿನಲ್ಲಿ, ‘ಜೈ ಭೀಮ್’ ಅಂತ ನಮ್ಮ ಮನೆಯೊಳಗೆ ಕೇಳಿಸಿದ್ದು ಅದೇ ಮೊದಲು.

ಆಗ ಕೇರಿ ಕೇರಿಗಳಲ್ಲಿ ಫ್ಲೆಕ್ಸು ಎದ್ದವು. ನೀಲಿ ಕೋಟಿನ ಬಾಬಾಸಾಹೇಬರು, ಪಕ್ಕದಲ್ಲಿ ಆ ಪುಟ್ಟ ಹುಡುಗ, ಕೆಳಗೆ ಪಟ್ಟಿ ಕೊಟ್ಟವರ ಸಾಲು ಸಾಲು ಫೋಟೋ. ಸಿನಿಮಾ ನಟರಿಗೆ ಕಟೌಟು ನಿಲ್ಲಿಸಿದ್ದು ನಾಡು ನೋಡಿದೆ. ಧಾರಾವಾಹಿಯೊಂದಕ್ಕೆ ಕರ್ನಾಟಕದ ಊರೂರಿನ ಬಡವರು ಕೂಲಿ ಇಲ್ಲದ ದಿನಗಳಲ್ಲಿ ಪಟ್ಟಿ ಎತ್ತಿ ಫ್ಲೆಕ್ಸು ಕಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ನಾವೂ ಮನೆಗೆ ಇಪ್ಪತ್ತು ರೂಪಾಯಿಯಂತೆ ಕೂಡಿಸಿದೆವು. ಆ ದಿನಗಳಲ್ಲೇ ಚಾನೆಲ್ಲಿನ ಮುಖ್ಯಸ್ಥ ರಾಘವೇಂದ್ರ ಹುಣಸೂರರು ತಮಗೆ ಅಪರಾತ್ರಿಯಲ್ಲಿ ಬೆದರಿಕೆ ಕರೆಗಳು ಬರುತ್ತಿವೆ, ಆದರೂ ಧಾರಾವಾಹಿ ನಿಲ್ಲಿಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಕೆಲವು ಊರುಗಳಲ್ಲಿ ಫ್ಲೆಕ್ಸು ಹರಿದರು. ನಮ್ಮದೊಂದು ಊರಿನಲ್ಲೂ ಒಂದು ಬೆಳಗಾಗುವುದರೊಳಗೆ ಬಾಬಾಸಾಹೇಬರ ಮುಖಕ್ಕೆ ಸರಿಯಾಗಿ ಬ್ಲೇಡು ಆಡಿಸಿದ್ದರು. ನಾವು ಸೂಜಿ ದಾರ ತಂದು ಹೊಲಿದು ಮತ್ತೆ ಕಟ್ಟಿದೆವು. ಹದಿನೈದು ರಾತ್ರಿ ಪಾಳಿ ಹಚ್ಚಿ ಅದರ ಕೆಳಗೇ ಮಲಗಿದೆವು.

ಹಾಗೆ ಕಾವಲು ಕೂತವರು ಈಗ ಟೀಕೆಯ ಮಾತಾಡುತ್ತಿದ್ದೇವೆ. ಇದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಾವು ಅದನ್ನು ಯಾಕಷ್ಟು ಪ್ರೀತಿಸಿದೆವು ಎಂದು ತಿಳಿಯಬೇಕಾದರೆ ಒಂದು ಕಿಟಕಿಯ ಕತೆ ಹೇಳಬೇಕು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಮ್ಮ ಅವ್ವಂದಿರು ಹತ್ತು ಹನ್ನೆರಡು ವರ್ಷದ ಹುಡುಗಿಯರು. ಊರಲ್ಲಿ ಒಂದೋ ಎರಡೋ ಟೀವಿ. ಅವು ಇದ್ದದ್ದು ದೊಡ್ಡವರ ಮನೆಯಲ್ಲಿ. ರವಿವಾರ ಮುಂಜಾನೆ ಊರ ಮಕ್ಕಳೆಲ್ಲ ಪಡಸಾಲೆಯೊಳಗೆ, ಕೇರಿಯ ಮಕ್ಕಳು ಕಟ್ಟೆ ಕೆಳಗೆ, ಅಂಗಳದಲ್ಲಿ. ಕಿಟಕಿಯ ಸರಳಿನ ಸಂದಿಯಿಂದ ರಾಮನ ಅರ್ಧ ಮುಖ, ಸೀತೆಯ ಅರ್ಧ ಸೀರೆ. ಮಳೆ ಬಂದರೆ ತಲೆಯ ಮೇಲೆ ಗೋಣಿಚೀಲ. ಸ್ವಲ್ಪ ಮುಂದೆ ಸರಿದರೆ ಒಳಗಿಂದ ಒಂದು ದನಿ: “ಏ, ದೂರ ನಿಂದರ್ರಿ.” ನಮ್ಮ ಅವ್ವ ಈಗಲೂ ಆ ರಾಮಾಯಣವನ್ನು ಬಯ್ಯುವುದಿಲ್ಲ. ಸೀತೆಗಾಗಿ ಅವಳು ಅತ್ತಿದ್ದಾಳೆ. ಆದರೆ ಅವಳು ಸೀತೆಯನ್ನು ಪೂರ್ತಿ ನೋಡಿರಲಿಲ್ಲ, ಅಷ್ಟೇ.

2020ರ ಮಾರ್ಚಿನಲ್ಲಿ ಅದೇ ರಾಮಾಯಣವನ್ನು ದೂರದರ್ಶನ ಮತ್ತೆ ಹಾಕಿತು. ಅವ್ವ ಈ ಸಲ ತನ್ನ ಮನೆಯ ನೆಲದ ಮೇಲೆ ಕೂತು ಸೀತೆಯನ್ನು ಪೂರ್ತಿ ನೋಡಿದಳು. ನಾಕು ತಿಂಗಳಾದ ಮೇಲೆ ಅದೇ ನೆಲದ ಮೇಲೆ ಕೂತು ಇನ್ನೊಂದು ಕತೆ ನೋಡಿದಳು. ಅದರಲ್ಲಿ ನೀರು ಸಿಗದ ಒಬ್ಬ ಹುಡುಗ, ಎಲ್ಲರಿಂದ ದೂರ ಕೂಡಬೇಕಾದ ಒಬ್ಬ ಹುಡುಗ. ಅವ್ವ ನಮ್ಮ ಕಡೆ ತಿರುಗಿ, “ಯಾಕೋ, ಇದು ನಮ್ಮ ಕತಿ ಅಲ್ಲೇನು? ಇದನ್ನೂ ಟೀವಿಯಾಗ ತೋರಸ್ತಾರೇನು?” ಅಂದಳು. ಆ ಮಾತಿನಲ್ಲಿ ಇದ್ದದ್ದು ಖುಷಿಯೋ ನಾಚಿಕೆಯೋ ನಮಗೆ ಇನ್ನೂ ಗೊತ್ತಾಗಿಲ್ಲ. ಕಿಟಕಿಯ ಹೊರಗೆ ನಿಂತವಳಿಗೆ ತನ್ನ ಮುಖ ಕಿಟಕಿಯ ಒಳಗೆ ಕಂಡಿತ್ತು. ಈ ಋಣ ದೊಡ್ಡದು. ಇದನ್ನು ಅಲ್ಲಗಳೆದು ಮಾಡುವ ಯಾವ ವಿಮರ್ಶೆಯೂ ನಮಗೆ ಬೇಡ.

ಈಗ ತಕರಾರು.

ಮೊದಲನೆಯದು ಸಣ್ಣದು. ಆ ಹುಡುಗ ಆಡುವ ಕನ್ನಡ ಬೆಂಗಳೂರಿನ ಪುಸ್ತಕದ ಕನ್ನಡ. ಬಾಬಾಸಾಹೇಬರು ಬೆಳೆದ ಸಾತಾರಾ ನಮ್ಮ ಬೆಳಗಾವಿಯಂತೆಯೇ ಮುಂಬಯಿ ಪ್ರಾಂತದ ಊರು. 1925ರ ಏಪ್ರಿಲಿನಲ್ಲಿ ಅವರು ನಮ್ಮ ಜಿಲ್ಲೆಯ ನಿಪ್ಪಾಣಿಗೇ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದವರು. ಅವರ ಕತೆ ನಮ್ಮ ನಾಲಿಗೆಯಲ್ಲಿ ಬರಲಿಲ್ಲ. ಆದರೂ ನಮ್ಮ ಕೇರಿಯ ಮಕ್ಕಳು ಒಂದು ತಿಂಗಳಲ್ಲೇ ‘ಅಪ್ಪಾಜಿ, ಏಕೆ ಹೀಗೆ?’ ಅಂತ ಕಲಿತವು. ಇರಲಿ.

ಎರಡನೆಯದು ಜಾಹೀರಾತು. ಕಪ್ಪು ಮೈಯ ಮಂದಿಯ ಸ್ವಾಭಿಮಾನದ ಕತೆಯ ನಡುವೆ ಮೈ ಬೆಳ್ಳಗೆ ಮಾಡುವ ಕ್ರೀಮು ಮಾರಿದರು. ಬಂಡವಾಳಶಾಹಿಗೆ ಬಾಬಾಸಾಹೇಬರ ಮೇಲೆ ಪ್ರೀತಿ ಉಕ್ಕಿ ಈ ಧಾರಾವಾಹಿ ಬಂತೆಂದು ನಂಬುವಷ್ಟು ಹುಂಬರು ನಾವಲ್ಲ. ನಮ್ಮ ಕಣ್ಣು ಲೆಕ್ಕಕ್ಕೆ ಬಂದವು, ಅದಕ್ಕೇ ನಮ್ಮ ಕತೆಯೂ ಲೆಕ್ಕಕ್ಕೆ ಬಂತು. ಇದೂ ಇರಲಿ.

ಮೂರನೆಯದು ಇತಿಹಾಸ. ಬಾಲಕ ಭೀಮನಾಗಿ ಆಯುಧ್ ಭಾನುಶಾಲಿ ಎಂಬ ಹುಡುಗ ಚೆಂದ ಮಾಡಿದ. ಚೆಂದ ಮಾಡಿದ್ದರಿಂದಲೇ ಬಾಲ್ಯ ಮುಗಿಯಲೊಲ್ಲದು. ತಿಂಗಳುಗಟ್ಟಲೆ ಆ ಹುಡುಗ ಹುಡುಗನಾಗಿಯೇ ಉಳಿದ. ತಾಯಿ ಭೀಮಾಬಾಯಿ ಕಂತಿನ ಮೇಲೆ ಕಂತು ಅವನ ಬೆನ್ನಿಗೆ ನಿಂತಳು. ಖರೆ ಭೀಮರಾವ್ 1891ರಲ್ಲಿ ಹುಟ್ಟಿದರು. ಐದಾರು ವರ್ಷವಿದ್ದಾಗಲೇ ತಾಯಿ ತೀರಿಕೊಂಡಳು. ತಾಯಿಯಿಲ್ಲದೆ ಬೆಳೆದ ಮಗುವಿಗೆ ಧಾರಾವಾಹಿ ತಾಯಿಯ ಮಡಿಲು ಉದ್ದ ಮಾಡಿಕೊಟ್ಟಿತು. ಅತ್ತು ಕಣ್ಣೊರೆಸಿಕೊಂಡ ನಮಗೆ ಇದು ಆಗ ತಪ್ಪು ಅನಿಸಲಿಲ್ಲ. ಆಮೇಲೆ ಅನಿಸಿತು. ಅವರು ಅನುಭವಿಸಿದ ಕೊರತೆಯನ್ನೇ ನಮ್ಮಿಂದ ಮುಚ್ಚಿಟ್ಟರೆ, ಅದನ್ನು ದಾಟಿ ಬಂದ ಆ ಮನುಷ್ಯನ ಅಳತೆ ನಮಗೆ ಸಿಗುವುದು ಹೇಗೆ?

ನಾಕನೆಯದು ಎಲ್ಲಕ್ಕಿಂತ ದೊಡ್ಡದು. ಖಳನಾಯಕ. ಧಾರಾವಾಹಿಗೆ ವಾರ ವಾರ ಒಬ್ಬ ಕೆಟ್ಟವ ಬೇಕು. ಕಣ್ಣು ಕೆಕ್ಕರಿಸಬೇಕು, ಸಂಚು ಹೂಡಬೇಕು, ಹುಡುಗ ಜಾಣ ಮಾತಾಡಿ ಅವನ ಬಾಯಿ ಮುಚ್ಚಿಸಬೇಕು, ಹಿಂದಿನಿಂದ ಸಂಗೀತ ಮೊಳಗಬೇಕು. ಇದರ ಮಾತು ಮುಂದೆ ವಿಸ್ತಾರವಾಗಿ ಬರುತ್ತದೆ. ಮೊದಲು ಜಗಳದ ಕತೆ.

ಒಂದು ರವಿವಾರ ಕಂತು ಮುಗಿದ ಮೇಲೆ ಸಮಾಜ ಮಂದಿರದ ಕಟ್ಟೆಯ ಮೇಲೆ ಕೂತಾಗ ನಮ್ಮಲ್ಲಿ ಒಬ್ಬ, “ಇದೆಲ್ಲಾ ಖರೆ ಅಲ್ಲ, ಅವ್ವ ಅಷ್ಟೊತ್ತಿಗೆ ತೀರಿಕೊಂಡಿದ್ಳು” ಅಂದ. ಕಟ್ಟೆ ಸುಮ್ಮನಾಯಿತು. ಟೀವಿಯ ಮುಂದೆ ದೀಪ ಹಚ್ಚಿ, ಕಾಯಿ ಒಡೆದು ನೋಡುತ್ತಿದ್ದ ನಮ್ಮ ಆಯಿ ಎದ್ದು ಹೋದಳು. ಹಿರಿಯನೊಬ್ಬ ಗುಡುಗಿದ: “ನಾಕ ಅಕ್ಷರ ಕಲತೀರಂತ ಅಪ್ಪನ ಮ್ಯಾಲ ಬಾಯಿ ಬಿಡ್ತೀರೇನು? ಬ್ಲೇಡ್ ಹಾಕಿದವ್ರು ಹೊರಗ ಇದ್ರು ಅನಕೊಂಡಿದ್ವಿ. ಮನ್ಯಾಗ ಅದಾರ.” ಬ್ಲೇಡಿನ ಮಾತು ನಮ್ಮ ಎದೆಗೆ ತಾಗಿತು. ಹೊಲಿದವರೇ ನಾವು.

ಎರಡು ದಿನ ಬಿಟ್ಟು ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ಊರ ದೊಡ್ಡ ಮನೆಯ ಒಬ್ಬರು ನಕ್ಕು ಕರೆದರು. “ಏನಪಾ ತಮ್ಮಾ, ನಿಮ್ಮ ಮಹಾನಾಯಕ ಎಲ್ಲಾ ಕಟ್ಟುಕತಿ ಅಂತಲ್ಲ? ನಿಮ್ಮ ಹುಡುಗೂರ ಹೇಳ್ಯಾರಂತ.” ನಮ್ಮ ಮಾತು ಎರಡು ದಿನದಲ್ಲಿ ಕೇರಿ ದಾಟಿ, ರಸ್ತೆ ದಾಟಿ, ಅವರ ಬಾಯಿಯಲ್ಲಿ ಬೇರೆಯೇ ಆಗಿತ್ತು. ತಾಯಿ ತೀರಿಕೊಂಡ ವರ್ಷದ ಬಗ್ಗೆ ನಾವು ಆಡಿದ ಒಂದು ಮಾತು, ಅಸ್ಪೃಶ್ಯತೆಯೇ ಕಟ್ಟುಕತೆ ಎನ್ನುವ ಮಾತಾಗಿ ಅಲ್ಲಿ ಚಹಾದ ಜೊತೆ ಕುದಿಯುತ್ತಿತ್ತು.

ಗೆಳೆಯರೆ, ನಮ್ಮ ಸಂಕಟ ಇದು. ಮೇಲಿನವರ ಮನೆಯ ಮಕ್ಕಳು ತಮ್ಮ ರಾಮಾಯಣದ ತಪ್ಪು ಹೇಳಿದರೆ ಅದು ಪಾಂಡಿತ್ಯ. ನಮ್ಮ ಮಕ್ಕಳು ನಮ್ಮದರ ತಪ್ಪು ಹೇಳಿದರೆ ಅದು ವೈರಿಯ ಕೈಗೆ ಕೊಟ್ಟ ಕುಡಗೋಲು. ಅವರಿಗೆ ನೂರಾರು ಕತೆ, ಒಂದು ಮುರಿದರೂ ನಡೆದೀತು. ನಮಗೆ ಇದ್ದದ್ದು ಒಂದು. ಹಾಗಾದರೆ ಸುಮ್ಮನಿರಬೇಕೆ? ಹಿರಿಯನ ಮಾತಿನಲ್ಲಿ ಭಯ ಇತ್ತು, ಆ ಭಯಕ್ಕೆ ಅನುಭವದ ಬೇರು ಇತ್ತು. ಅದನ್ನು ಅಜ್ಞಾನ ಅಂತ ತಳ್ಳಿಹಾಕಿದರೆ ನಾವು ಕಲಿತದ್ದು ಸುಡಲಿ.

ಉತ್ತರಕ್ಕೆ ನಾವು ಬಾಬಾಸಾಹೇಬರ ಹತ್ತಿರವೇ ಹೋದೆವು. ಫ್ಲೆಕ್ಸಿನ ಬಾಬಾಸಾಹೇಬರ ಹತ್ತಿರ ಹೋಗಲಿಲ್ಲ, ಪುಸ್ತಕದವರ ಹತ್ತಿರ ಹೋದೆವು. 1943ರ ಜನವರಿ 18ರಂದು ಪುಣೆಯಲ್ಲಿ ರಾನಡೆಯವರ ಜನ್ಮದಿನಕ್ಕೆ ಅವರು ಮಾಡಿದ ಒಂದು ಭಾಷಣವಿದೆ. ಅಲ್ಲಿ ಅವರು ವೀರಪೂಜೆಯನ್ನು ಎರಡಾಗಿ ಸೀಳಿ ತೋರಿಸುತ್ತಾರೆ. ದೊಡ್ಡ ಮನುಷ್ಯನನ್ನು ಮನದುಂಬಿ ಮೆಚ್ಚುವುದು ಒಂದು, ಅವನು ಹೇಳಿದ್ದಕ್ಕೆಲ್ಲ ತಲೆ ಬಾಗುವುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪಿಲ್ಲ, ಎರಡನೆಯದು ಮನುಷ್ಯನ ಬುದ್ಧಿಗೂ ನಾಡಿಗೂ ಕೇಡು ಎಂಬುದು ಅವರ ಅಭಿಪ್ರಾಯ. ತಾವು ಮೂರ್ತಿಪೂಜಕರಲ್ಲ, ಮೂರ್ತಿಭಂಜಕರು ಎಂದೂ ಅಲ್ಲಿ ಹೇಳಿಕೊಂಡಿದ್ದಾರೆ. ಮುಂದೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ ಇದೇ ಮಾತನ್ನು ಇಡೀ ದೇಶಕ್ಕೆ ಹೇಳಿದರು. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿ ಆದೀತು, ರಾಜಕಾರಣದಲ್ಲಿ ಅದು ಅಧೋಗತಿಯ ದಾರಿ, ಕೊನೆಗೆ ಸರ್ವಾಧಿಕಾರದ ದಾರಿ ಎಂಬ ಎಚ್ಚರಿಕೆ ಅದು.

ಈ ಎರಡು ಭಾಷಣ ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಭಕ್ತಿಯನ್ನು ಇಷ್ಟು ನಿಷ್ಠುರವಾಗಿ ಬೇಡ ಅಂದವರ ಮುಂದೆ ನಾವು ದೀಪ ಹಚ್ಚಿ ಕೂತಿದ್ದೆವು. ದೀಪ ಹಚ್ಚಿದ ಆಯಿಯನ್ನು ನಾವು ದೂರುವುದಿಲ್ಲ. ಯಾವ ಗುಡಿಯ ಒಳಗೂ ಬಿಡದವಳು ತನ್ನ ಮನೆಯಲ್ಲೇ ಒಂದು ಗುಡಿ ಮಾಡಿಕೊಂಡಳು. ಆದರೆ ಓದಿದ ನಾವು? ಮೆಚ್ಚುಗೆಗೂ ತಲೆಬಾಗುವಿಕೆಗೂ ನಡುವೆ ಇರುವ ಗೆರೆಯನ್ನು ಅವಳಿಗೆ ತೋರಿಸುವ ಕೆಲಸ ಯಾರದು?

ಪ್ರಶ್ನೆ ಕೇಳದೆ ಒಂದು ಕತೆಯನ್ನು ಪ್ರೀತಿಸಿದರೆ ಏನಾಗುತ್ತದೆ ಎಂಬುದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಸವದತ್ತಿಯ ಗುಡ್ಡ ಕಣ್ಣಿಗೆ ಕಾಣುತ್ತದೆ. ಹುಣ್ಣಿಮೆ ಬಂದರೆ ನಾಕು ದಿಕ್ಕಿನಿಂದ ಚಕ್ಕಡಿ, ಟ್ರ್ಯಾಕ್ಟರು, ಉಧೋ ಉಧೋ ಎಂಬ ಕೂಗು. ಚೌಡಿಕಿ ಹಿಡಿದು ನಮ್ಮ ಜೋಗತಿಯರು ಎಲ್ಲಮ್ಮನ ಕತೆಯನ್ನು ತಲೆತಲಾಂತರ ಹಾಡಿದರು. ಗಂಡನ ಸಿಟ್ಟಿಗೆ ಮಗನ ಕೈಲಿ ತಲೆ ಕಡಿಸಿಕೊಂಡ ತಾಯಿಯ ಕತೆ ಅದು. ಟೀವಿಗಿಂತ ಎಷ್ಟೋ ಮೊದಲಿನಿಂದ ಕಂತು ಕಂತಾಗಿ ನಡೆದು ಬಂದ, ಮುಗಿಯದ ಧಾರಾವಾಹಿ. ಅದರ ಹಾಡು ಕೇಳಿದರೆ ಈಗಲೂ ನಮ್ಮ ಮೈ ಜುಮ್ಮೆನ್ನುತ್ತದೆ. ಆದರೆ ಅದೇ ಕತೆಯ ಹೆಸರಿನಲ್ಲಿ ನಮ್ಮ ಕೇರಿಯ ಹುಡುಗಿಯರಿಗೆ ಮುತ್ತು ಕಟ್ಟಿದರು, ಊರಿಗೆಲ್ಲ ಅವರನ್ನು ಬಿಟ್ಟರು. 1934ರಲ್ಲಿ ಮುಂಬಯಿ ಪ್ರಾಂತದ ಕಾಯ್ದೆ ಬಂತು. ಅದು ಸಾಲದೆ 1982ರಲ್ಲಿ ಕರ್ನಾಟಕವೂ ದೇವದಾಸಿ ಪದ್ಧತಿಯ ನಿಷೇಧಕ್ಕೆ ಕಾಯ್ದೆ ಮಾಡಬೇಕಾಯಿತು. ಕಾಯ್ದೆಗಿಂತ ಮೊದಲು ಯಾರಾದರೂ ಕೇರಿಯೊಳಗೆ ನಿಂತು, “ತಾಯಿ, ನಿನ್ನ ಹಾಡು ಹಾಡತೇವು, ಮಗಳನ್ನ ಕೊಡಾಂಗಿಲ್ಲ” ಅನ್ನಬೇಕಿತ್ತು. ಅಂದವರೂ ಇದ್ದಾರೆ. ಅವರಿಗೂ ಮನೆಮುರುಕರು ಎಂಬ ಹೆಸರೇ ಬಂತು. ಕತೆಯನ್ನು ಇಟ್ಟುಕೊಂಡು ಅದರ ವಿಷವನ್ನು ಬಿಡುವುದು ಆಗದ ಕೆಲಸವಲ್ಲ ಎಂದು ಆ ಹೆಣ್ಣುಮಕ್ಕಳು ನಮಗೆ ಕಲಿಸಿದ್ದಾರೆ.

ಎಲ್ಲಮ್ಮನ ಹಾಡು ಬೇರೆ, ಮಹಾನಾಯಕ ಬೇರೆ ಎಂದು ಯಾರಾದರೂ ಅನ್ನಬಹುದು. ಖರೆ. ಒಂದು ನಮ್ಮನ್ನು ಕಟ್ಟಿಹಾಕಿತು, ಇನ್ನೊಂದು ಎಬ್ಬಿಸಿತು. ಆದರೆ ಎಬ್ಬಿಸಿದ ಕತೆಗೂ ಪ್ರಶ್ನೆ ಬೇಕು. ಯಾಕೆಂದರೆ ಪ್ರಶ್ನೆ ಕೇಳುವ ಚಾಳಿಯನ್ನು ಒಳ್ಳೆಯ ಕತೆಯ ಮುಂದೆ ಬಿಟ್ಟುಕೊಟ್ಟವನು ನಾಳೆ ಕೆಟ್ಟ ಕತೆಯ ಮುಂದೆ ಅದನ್ನು ಎಲ್ಲಿಂದ ತಂದಾನು?

ಇನ್ನೊಂದು ಮಾತು. ಪ್ರೀತಿಸುತ್ತಲೇ ಬಯ್ಯುವುದು ನಾವು ಕಾಲೇಜಿನಲ್ಲಿ ಕಲಿತ ಬುದ್ಧಿಯಲ್ಲ, ಅದು ನಮ್ಮ ಮಣ್ಣಿನದೇ. ಬೈಲಹೊಂಗಲದ ಸಂಗ್ಯಾ ಬಾಳ್ಯಾ ಯಾರಿಗೆ ಗೊತ್ತಿಲ್ಲ? ಈ ಊರಲ್ಲೇ ನಡೆದ ಘಟನೆ, ಪತ್ತಾರ ಮಾಸ್ತರರ ಹೆಸರಿನೊಂದಿಗೆ ಬೆಸೆದ ಸಣ್ಣಾಟ. ಸಂಗ್ಯಾ ಗಂಗಿಗೆ ಮನಸೋಲುವುದು, ಗೆಳೆಯ ಬಾಳ್ಯಾ ಕೈಕೊಡುವುದು, ಕೊನೆಗೆ ಕೊಲೆ, ಎಲ್ಲ ಮಂದಿಗೆ ಬಾಯಿಪಾಠ. ಆದರೂ ಬೆಳತನಕ ಕಂಬಳಿ ಹೊದ್ದು ಕೂಡುತ್ತಾರೆ. ಹಾಡು ಹಿಡಿಸಿದರೆ ಎದ್ದು ಹೋಗಿ ಆಯೇರಿ ಮಾಡುತ್ತಾರೆ, ಮೇಳದವರು ಅವರ ಹೆಸರು ಹಿಡಿದು ಕೂಗುತ್ತಾರೆ. ಅದೇ ಮನುಷ್ಯ ಅರ್ಧ ತಾಸಿನ ಮೇಲೆ, “ಏ ಬಾಳ್ಯಾ, ಪದ ನುಂಗಬ್ಯಾಡ, ಪೂರಾ ಹಾಡು!” ಅಂತ ಕೆಳಗಿಂದ ಒದರುತ್ತಾನೆ. ಅವನನ್ನು ಯಾರೂ ದ್ರೋಹಿ ಅನ್ನುವುದಿಲ್ಲ. ಆಟ ಗೊತ್ತಿದ್ದವ ಅನ್ನುತ್ತಾರೆ. ನಮ್ಮ ಅತ್ತೆಯೊಬ್ಬಳು ಪ್ರತಿ ಸಲ ಆಟ ಮುಗಿದ ಮೇಲೆ ಕೇಳುತ್ತಿದ್ದಳು: “ಎಲ್ಲಾರೂ ಗಂಗೀನ್ನ ಬೈತಾರ. ಗಂಗೀನ್ನ ಯಾರರ ಒಮ್ಮೆ ಕೇಳ್ಯಾರೇನು, ನಿನಗೇನ ಬೇಕಾಗಿತ್ತವಾ ಅಂತ?” ಕೇಳಿದವಳು ಮುಂದಿನ ವರ್ಷವೂ ಮೊದಲ ಸಾಲಿನಲ್ಲೇ ಕೂತಿರುತ್ತಿದ್ದಳು. 1961ರ ‘ಕಿತ್ತೂರು ಚೆನ್ನಮ್ಮ’ ಸಿನಿಮಾವನ್ನೂ ನಮ್ಮ ಹಿರಿಯರು ಹಾಗೇ ನೋಡಿದರು. ಚೆನ್ನಮ್ಮನಿಗೆ ಚಪ್ಪಾಳೆ ಹೊಡೆದರು, ಮನೆಗೆ ಬರುವ ದಾರಿಯಲ್ಲಿ “ಕ್ವಾಟಿಗೆ ಕಲ್ಲ ಹೊತ್ತವ್ರು ಎಲ್ಲಿ ಹ್ವಾದ್ರು?” ಅಂದರು.

ಆಯೇರಿಯೂ ಪ್ರಶ್ನೆಯೂ ಒಂದೇ ಕೈಯಿಂದ ಬರುತ್ತವೆ. ಟೀವಿ ಬಂದ ಮೇಲೆ ಈ ಗುಣ ನಮ್ಮಿಂದ ಜಾರಿತು. ಆಟದವ ಎದುರಿಗೆ ಇದ್ದ, ಕೂಗಿದರೆ ಕೇಳುತ್ತಿದ್ದ. ಟೀವಿ ನಮ್ಮನ್ನು ಕೇಳುವುದಿಲ್ಲ, ಅದಕ್ಕೇ ನಾವು ಕೂಗುವುದನ್ನೇ ಬಿಟ್ಟೆವು.

ಈಗ ಖಳನಾಯಕನ ಮಾತಿಗೆ ಬರೋಣ. ಬಾಬಾಸಾಹೇಬರು ತಮ್ಮ ಕೈಯಾರೆ ಬರೆದಿಟ್ಟ ಬಾಲ್ಯದ ನೆನಪು ‘ವೀಸಾಗಾಗಿ ಕಾಯುತ್ತಾ’ ಎಂಬ ಸಣ್ಣ ಬರಹದಲ್ಲಿದೆ. ಅವರು ತೀರಿಕೊಂಡು ಮೂವತ್ತು ವರ್ಷ ದಾಟಿದ ಮೇಲೆ, 1990ರಲ್ಲಿ ಅದು ಪುಸ್ತಕವಾಯಿತು. 1901ರ ಬೇಸಿಗೆ ರಜೆ. ಒಂಬತ್ತರ ಆಸುಪಾಸಿನ ಭೀಮ, ಅಣ್ಣ, ಅಕ್ಕನ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ತಂದೆ ಕೆಲಸದ ಮೇಲಿದ್ದ ಊರಿಗೆ ರೈಲು ಹತ್ತುತ್ತಾರೆ. ಮಸೂರ ಸ್ಟೇಶನ್ನಿನಲ್ಲಿ ಇಳಿದರೆ ಕರೆಯಲು ಯಾರೂ ಬಂದಿಲ್ಲ, ಕಾಗದ ತಂದೆಗೆ ಮುಟ್ಟಿರಲಿಲ್ಲ. ಸ್ಟೇಶನ್ ಮಾಸ್ತರರು ಮೊದಲು ಅಕ್ಕರೆಯಿಂದಲೇ ವಿಚಾರಿಸುತ್ತಾರೆ. ಜಾತಿ ಕೇಳಿದ ಮೇಲೆ ಅವರ ಮುಖ ಬದಲಾಗುತ್ತದೆ. ಒಬ್ಬ ಗಾಡಿಯವನು ಎರಡು ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಆದರೆ ಗಾಡಿ ಹೊಡೆಯುವುದು ಮಕ್ಕಳೇ, ಅವನು ಪಕ್ಕದಲ್ಲಿ ನಡೆಯುತ್ತಾನೆ. ಬುತ್ತಿ ಇದೆ, ಕುಡಿಯಲು ನೀರಿಲ್ಲ. ರಾತ್ರಿಯೆಲ್ಲ ಉಪವಾಸ.

ಈ ಕತೆಯಲ್ಲಿ ಖಳನಾಯಕ ಯಾರು? ಹುಡುಕಿದೆವು, ಸಿಗಲಿಲ್ಲ. ಮೀಸೆ ತಿರುವುವವರು ಒಬ್ಬರೂ ಇಲ್ಲ. ಸ್ಟೇಶನ್ ಮಾಸ್ತರರು ನೌಕರಿಗೆ ಬಂದ ಸಭ್ಯ ಮನುಷ್ಯ. ಗಾಡಿಯವನು ಹೊಟ್ಟೆಪಾಡಿನ ಬಡವ. ಎಲ್ಲರೂ ಸಾದಾ ಮಂದಿ, ಎಲ್ಲರೂ ಸೇರಿ ನಾಕು ಮಕ್ಕಳಿಗೆ ಒಂದು ತಂಬಿಗೆ ನೀರು ಸಿಗದಂತೆ ಮಾಡಿದರು. ಜಾತಿ ಎಂದರೆ ಇದು. ನಮಗೆ ಬೇರೆ ಗ್ಲಾಸು ಇಟ್ಟ ಹೊಟೇಲಿನವರು ಕೆಕ್ಕರಿಸಿ ನೋಡುವುದಿಲ್ಲ, ‘ಬಾರೋ ತಮ್ಮಾ’ ಅಂತ ನಕ್ಕೇ ಕರೆಯುತ್ತಾರೆ.

ಈ ಬರಹವನ್ನು ನಾವು ಒಂದು ಸಂಜೆ ಕಂತು ಮುಗಿದ ಮೇಲೆ ಕೇರಿಯಲ್ಲಿ ಓದಿದೆವು. ಎದ್ದು ಹೋಗಿದ್ದ ಆಯಿ ಬಾಗಿಲ ಬಳಿ ನಿಂತು ಕೇಳಿದಳು. ಮುಗಿದ ಮೇಲೆ ಬಹಳ ಹೊತ್ತು ಬಿಟ್ಟು, “ಅಂವಾ ಗಾಡಿಯವ ಕೆಟ್ಟಾಂವ ಅಲ್ಲ ಬಿಡು. ಅಂಥಾವ್ರ ನಡುವ ನಾನೂ ಬಾಳೇ ಮಾಡೇನಿ” ಅಂದಳು. ಟೀವಿಯ ದುಷ್ಟನಿಗೆ ಆಯಿ ಶಾಪ ಹಾಕುತ್ತಿದ್ದಳು. ಈ ಗಾಡಿಯವನನ್ನು ಅವಳು ಗುರುತು ಹಿಡಿದಳು. ಶಾಪ ಹಾಕುವುದು ಸುಲಭ, ಗುರುತು ಹಿಡಿಯುವುದು ಕಷ್ಟ.

ಖಳನಾಯಕನ ಕತೆ ಮೇಲಿನವರಿಗೆ ಒಂದು ಅನುಕೂಲ ಮಾಡಿಕೊಡುತ್ತದೆ. ಅವರು ಆ ರಾಕ್ಷಸನನ್ನು ನೋಡಿ, ‘ನಾವು ಹಾಂಗಿಲ್ಲ ಬಿಡ್ರಿ’ ಅಂದುಕೊಂಡು ನಿಶ್ಚಿಂತೆಯಿಂದ ಮಲಗಬಹುದು. ಆದರೆ ನಮಗೂ ಒಂದು ಅನುಕೂಲ ಮಾಡಿಕೊಡುತ್ತದೆ, ಅದನ್ನು ನಾವು ಒಪ್ಪಿಕೊಳ್ಳಲೇಬೇಕು. ನಮ್ಮದೊಂದು ಊರಿನಲ್ಲಿ ಎರಡು ಕೇರಿ, ನಡುವೆ ಒಂದು ಹಳ್ಳ. ಫ್ಲೆಕ್ಸಿನ ಪಟ್ಟಿಯನ್ನು ಆಚೆ ಕೇರಿಯವರ ಹತ್ತಿರವೂ ಎತ್ತಿದೆವು. ಫ್ಲೆಕ್ಸು ಅಚ್ಚಾಗಿ ಬಂದಾಗ ಅವರ ಫೋಟೋ ಒಂದೂ ಇರಲಿಲ್ಲ. ‘ಜಾಗ ಸಾಲಲಿಲ್ಲ’ ಅಂದೆವು. ಅವರು ಏನೂ ಅನ್ನಲಿಲ್ಲ, ತಮ್ಮದೇ ಬೇರೆ ಫ್ಲೆಕ್ಸು ಕಟ್ಟಿದರು. ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಎಂದು ಬಾಬಾಸಾಹೇಬರು ಹೇಳಿದ್ದನ್ನು ನಾವು ಪರೀಕ್ಷೆಗೆ ಬರೆದು ಪಾಸಾದವರು. ನಮ್ಮ ಕಾಲ ಕೆಳಗೇ ಒಂದು ಮೆಟ್ಟಿಲು ಇದ್ದದ್ದು ಕಾಣಲಿಲ್ಲ. ಕಾಣದಿರಲು ಟೀವಿಯ ಆ ದುಷ್ಟ ಸಹಾಯ ಮಾಡಿದ. ತಪ್ಪೆಲ್ಲ ಅವನದಾದ ಮೇಲೆ ನಮ್ಮದೇನು 남? ರಾಮದುರ್ಗದ ಮಗ್ಗದ ಓಣಿಯ ನಮ್ಮ ಗೆಳತಿ ಇದಕ್ಕೆ ಇನ್ನೊಂದು ಸೇರಿಸಿದಳು: “ನೀವು ಗಂಡಸರು ಮಹಾನಾಯಕ ನೋಡೂ ಹೊತ್ತಿನ್ಯಾಗ ಒಳಗ ರೊಟ್ಟಿ ಬಡಿಯೂ ಸಪ್ಪಳ ಕೇಳತಿತ್ತಲ್ಲ, ಅದು ಯಾರದು?” ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಇಲ್ಲಿಗೆ ನಮ್ಮ ಪ್ರಶ್ನೆಗೆ ನಮಗೆ ಸಿಕ್ಕಷ್ಟು ಉತ್ತರ ಹೇಳುತ್ತೇವೆ. ಬ್ಲೇಡು ಆಡಿಸಿದವನಿಗೆ ಬಾಬಾಸಾಹೇಬರು ಕಡಿಮೆಯಾಗಬೇಕಿತ್ತು. ಪ್ರಶ್ನೆ ಕೇಳುವ ನಮಗೆ ಅವರು ಇನ್ನೂ ಹೆಚ್ಚು ಬೇಕು. ಧಾರಾವಾಹಿ ಕೊಟ್ಟದ್ದು ಸಾಲದು, ಪೂರ್ತಿ ಮನುಷ್ಯ ಬೇಕು, ತಾಯಿಯಿಲ್ಲದ ಮಗು ಬೇಕು, ನೀರಿಲ್ಲದ ರಾತ್ರಿ ಬೇಕು, ನಮ್ಮ ಮೇಲೂ ಬೆರಳು ತೋರಿಸುವ ಬಾಬಾಸಾಹೇಬರು ಬೇಕು. ಪದ ನುಂಗಬೇಡ, ಪೂರಾ ಹಾಡು ಎನ್ನುವ ಕೂಗು ಇದು. ಹೊಟೇಲಿನವರು ನಮ್ಮ ಮಾತನ್ನು ತಿರುಚಿದರು ನಿಜ. ಅದಕ್ಕೆ ಮದ್ದು ಬಾಯಿ ಮುಚ್ಚುವುದಲ್ಲ, ಮಾತನ್ನು ಪೂರ್ತಿ ಆಡುವುದು. ಮುಂದಿನ ವಾರ ಅದೇ ಹೊಟೇಲಿಗೆ ಹೋಗಿ ಆ ದೊಡ್ಡ ಮನೆಯವರ ಮುಂದೆಯೇ ನಾವು ಮಸೂರ ಸ್ಟೇಶನ್ನಿನ ಕತೆ ಹೇಳಿದೆವು. “ಧಾರಾವಾಹಿ ಕಟ್ಟಿ ಹೇಳಿದ್ದಕ್ಕಿಂತ ಖರೆ ಕತಿ ಕಠಿಣ ಐತ್ರಿ” ಅಂದೆವು. ಅವರು ನಗಲಿಲ್ಲ. ಚಹಾದ ದುಡ್ಡು ಕೊಟ್ಟು ಎದ್ದು ಹೋದರು. ನಮ್ಮ ಗ್ಲಾಸು ಮಾತ್ರ ಇದ್ದಲ್ಲೇ ಇತ್ತು, ಬೇರೆ ಸಾಲಿನಲ್ಲಿ.

ಮಹಾನಾಯಕದ ಕಾಲ ಈಗ ಮುಗಿದಿದೆ. ಫ್ಲೆಕ್ಸುಗಳು ಬಿಸಿಲಿಗೆ ಬೆಳ್ಳಗಾಗಿ, ಕೆಲವು ಬಣವೆಯ ಮೇಲೆ, ಕೆಲವು ಜೋಪಡಿಯ ಮಾಡಿನ ಮೇಲೆ ಹಾಸಿಕೊಂಡಿವೆ. ಬ್ಲೇಡಿನ ಮಾತು ಆಡಿದ ಹಿರಿಯ ನಮ್ಮ ಓದಿಗೆ ಇವತ್ತಿಗೂ ಬಂದಿಲ್ಲ. ಬರಲಿ ಬಿಡಲಿ, ಅವನ ಭಯವನ್ನು ನಾವು ಮರೆಯುವುದಿಲ್ಲ. ಹಳ್ಳದಾಚೆಯ ಕೇರಿಗೆ ಹೋಗಿ ತಪ್ಪಾಯಿತು ಅಂದೆವು. ಅವರು ಚಹಾ ಕೊಟ್ಟರು. ಮುಂದಿನ ಏಪ್ರಿಲ್ 14ಕ್ಕೆ ಒಂದೇ ಮೆರವಣಿಗೆ ಮಾಡೋಣ ಅಂದಾಗ, “ನೋಡೂಣು” ಅಂದರು. ಅಷ್ಟೇ ಅಂದದ್ದು ಸರಿ.

ಸಾಲಿ ಕಲಿಸುವ ಗೆಳೆಯರೆ, ಕಾಲೇಜಿನ ತಮ್ಮ ತಂಗಿಯರೆ, ನಾಳೆ ಬಾಬಾಸಾಹೇಬರ ಮೇಲೆ ಇನ್ನೊಂದು ಧಾರಾವಾಹಿ ಬರುತ್ತದೆ, ಇನ್ನೊಂದು ಸಿನಿಮಾ ಬರುತ್ತದೆ. ಪಟ್ಟಿ ಎತ್ತಿರಿ, ನಾವೂ ಇಪ್ಪತ್ತು ರೂಪಾಯಿ ಕೊಡುತ್ತೇವೆ. ಫ್ಲೆಕ್ಸು ಕಟ್ಟಿರಿ, ರಾತ್ರಿ ಕಾವಲಿಗೂ ಬರುತ್ತೇವೆ. ಆದರೆ ಕಂತು ಮುಗಿದ ಮೇಲೆ ಟೀವಿ ಆರಿಸಿ ಅರ್ಧ ತಾಸು ಕೂಡ್ರಿ. ಅವರದೇ ಒಂದು ಪುಟ ಓದಿ ಹೇಳಿರಿ. ಆಮೇಲೆ ರೊಟ್ಟಿ ಬಡಿಯುವವಳನ್ನು ಹೊರಗೆ ಕರೆಯಿರಿ, ಮೊದಲ ಪ್ರಶ್ನೆ ಅವಳೇ ಕೇಳಲಿ.